ಜಗಳ ಕೆಲಸದ್ದು, ಹೆಸರು ಮಾತ್ರ ಭಾಷೆಯದು

ನಾನಾ ಊರು, ನಾನಾ ಭಾಷೆಯ ಜನ ದುಡಿಯುವ ಕಾರ್ಖಾನೆಯಲ್ಲಿ ಮನಸ್ತಾಪ ಬೆಳೆಯದಂತೆ ಕೆಲಸಗಾರರನ್ನು ತಯಾರು ಮಾಡುವುದು ಹೇಗೆ?

ಬೆಳಿಗ್ಗೆ ಎಂಟಕ್ಕೆ ಮುಂಚೆ ಹೆಗ್ಗನಹಳ್ಳಿ ಕ್ರಾಸ್ ಕಡೆಯಿಂದ ರಾಜಗೋಪಾಲನಗರ ಮುಖ್ಯರಸ್ತೆಗೆ ಬಂದರೆ ಪೀಣ್ಯ ಎರಡನೇ ಹಂತದ ಶೆಡ್‌ಗಳಿಗೆ ಹೊರಟವರ ಸಾಲು ಕಾಣುತ್ತದೆ. ಕೈಯಲ್ಲಿ ಊಟದ ಡಬ್ಬಿ, ಹೆಗಲಿಗೆ ಬ್ಯಾಗು. ಟೀ ಅಂಗಡಿಯ ಮುಂದೆ ರಾಯಚೂರಿನ ಕನ್ನಡ, ತುಮಕೂರಿನ ಕನ್ನಡ, ತಮಿಳು, ತೆಲುಗು, ಒಡಿಯಾ, ಭೋಜ್‌ಪುರಿ, ಅಸ್ಸಾಮಿ ಎಲ್ಲವೂ ಕಿವಿಗೆ ಬೀಳುತ್ತವೆ. ಹತ್ತು ನಿಮಿಷದಲ್ಲಿ ಇವರೆಲ್ಲ ಲೇತು, ಸಿಎನ್‌ಸಿ, ಪ್ರೆಸ್ಸು, ಹೊಲಿಗೆ ಯಂತ್ರಗಳ ಮುಂದೆ ಅಕ್ಕಪಕ್ಕ ನಿಂತಿರುತ್ತಾರೆ. ಬೆಳಿಗ್ಗೆ ಒಂದೇ ಅಂಗಡಿಯಲ್ಲಿ ಟೀ ಕುಡಿದವರು ಸಂಜೆಗೆ ಒಬ್ಬರ ಮುಖ ಒಬ್ಬರು ನೋಡದಂತಾಗಲು ಎಷ್ಟು ಹೊತ್ತು ಬೇಕು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಮಷಿನ್ ಶಾಪ್. ಸೆಟ್ಟರ್ ತುಮಕೂರು ಕಡೆಯವನು, ಆಪರೇಟರ್ ಬಿಹಾರದವನು. ಒಂದೂವರೆ ಮಿಲಿಮೀಟರ್ ಆಳದ ಗ್ರೂವ್ ಕೊರೆಯಬೇಕಿತ್ತು. ಕೇಳಿ ಕಲಿತ ಹಿಂದಿಯಲ್ಲಿ ಸೆಟ್ಟರ್ 'ಢಾಯಿ' ಎಂದ. ಹಿಂದಿಯಲ್ಲಿ ಒಂದೂವರೆಗೆ 'ಡೇಢ್', ಎರಡೂವರೆಗೆ 'ಢಾಯಿ'. ಆಪರೇಟರ್ ಹೇಳಿದಷ್ಟೇ ಕೊರೆದ. ನಲವತ್ತು ಜಾಬ್ ರಿಜೆಕ್ಟ್ ಆಯಿತು. 'ಇವನಿಗೆ ಹೇಳಿದ್ದು ತಲೆಗೆ ಹೋಗಲ್ಲ' ಎಂದು ಸೆಟ್ಟರ್ ಕೂಗಿದ. 'ಹೇಳಿದ್ದನ್ನೇ ಮಾಡಿದೆ' ಎಂದು ಆಪರೇಟರ್ ತಿರುಗಿ ಕೂಗಿದ. ಊಟದ ಹೊತ್ತಿಗೆ 'ಹಿಂದಿಯವರು' ಒಂದು ಕಡೆ, 'ಲೋಕಲ್‌ನವರು' ಇನ್ನೊಂದು ಕಡೆ ಕೂತರು. ಸಂಜೆ ಗೇಟಿನ ಹೊರಗೆ, ಆ ಜಾಬನ್ನು ಕಣ್ಣಿಂದಲೂ ನೋಡಿರದ ಹತ್ತು ಜನ ಜಗಳಕ್ಕೆ ಸೇರಿದ್ದರು.

ಇಲ್ಲಿ ತಪ್ಪಿದ್ದು ಒಂದು ಅಳತೆ. ಸಂಜೆಯ ಹೊತ್ತಿಗೆ ಅದು 'ನಿಮ್ಮವರು, ನಮ್ಮವರು' ಆಗಿತ್ತು. ಈ ಲೇಖನ ಹೇಳಲು ಹೊರಟಿರುವುದು ಇಷ್ಟೇ: ಕಾರ್ಖಾನೆಯ ಹೆಚ್ಚಿನ ಜಗಳಗಳ ಬೇರು ಕೆಲಸದಲ್ಲಿರುತ್ತದೆ, ಆ ಬೇರನ್ನು ಬೇಗ ಹಿಡಿಯದಿದ್ದರೆ ಅದು ಭಾಷೆ, ಊರು, ಜಾತಿ, ಧರ್ಮಗಳ ಹೆಸರು ಹೊತ್ತು ಮೇಲೇಳುತ್ತದೆ. ಬೇರನ್ನು ಬೇಗ ಹಿಡಿಯುವುದು ಕಲಿಯಬಹುದಾದ ಕೆಲಸ. ಮೈಕ್ರೋಮೀಟರ್ ಓದುವುದನ್ನು ಕಲಿಸಿದ ಹಾಗೆಯೇ ಇದನ್ನೂ ಕಲಿಸಬಹುದು.

ನಮ್ಮ ಕಣ್ಣೆದುರೇ ನಡೆದದ್ದು

ಬೆಂಗಳೂರಿಗೆ ಇದರ ಪಾಠ ಹೊಸದಲ್ಲ. 2012ರ ಆಗಸ್ಟ್ ಮಧ್ಯದಲ್ಲಿ ಈಶಾನ್ಯ ರಾಜ್ಯಗಳ ಜನರ ಮೇಲೆ ದಾಳಿ ನಡೆಯಲಿದೆ ಎಂಬ ಗಾಳಿಸುದ್ದಿ ಮೊಬೈಲ್ ಸಂದೇಶಗಳಲ್ಲಿ ಹರಡಿತು. ಕೆಲವೇ ದಿನಗಳಲ್ಲಿ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿ ರೈಲು ಹತ್ತಿದರು. ರೈಲ್ವೆ ವಿಶೇಷ ರೈಲು ಬಿಡಬೇಕಾಯಿತು. ಒಂದು ಮೊಬೈಲ್‌ನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ಕೇಂದ್ರ ಸರ್ಕಾರ ಹದಿನೈದು ದಿನಗಳ ಮಿತಿ ಹೇರಿತು. ವರ್ಷಗಟ್ಟಲೆ ಜೊತೆಗೆ ದುಡಿದವರು ಹೊರಟು ನಿಂತಾಗ 'ಇದು ನಿಜವೇ?' ಎಂದು ನಂಬಿ ಕೇಳಬಹುದಾದ ಒಬ್ಬ ವ್ಯಕ್ತಿ ಎಷ್ಟು ಕೆಲಸದ ಜಾಗಗಳಲ್ಲಿದ್ದರು ಎಂಬುದು ಪ್ರತಿ ಮಾಲೀಕರೂ ತಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ.

2016ರ ಏಪ್ರಿಲ್ 18 ಮತ್ತು 19ರಂದು ಹೊಸೂರು ರಸ್ತೆಯಿಂದ ತುಮಕೂರು ರಸ್ತೆಯವರೆಗೆ ಗಾರ್ಮೆಂಟ್ಸ್ ಕಾರ್ಮಿಕರು ಬೀದಿಗಿಳಿದರು. ಅವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಭವಿಷ್ಯ ನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಆ ಸಿಟ್ಟಿಗೆ ಕಾರಣ. ನಿಯಮದ ಅಧಿಸೂಚನೆ ಫೆಬ್ರವರಿಯಲ್ಲೇ ಹೊರಬಿದ್ದಿತ್ತು. ಮಗಳ ಮದುವೆಗೋ ಮನೆಯ ಸಾಲಕ್ಕೋ ಆ ದುಡ್ಡನ್ನೇ ನಂಬಿದ್ದವರಿಗೆ ಅದು ಬೆಂಕಿಯಂತೆ ತಾಗಿತು. ಕೇಂದ್ರ ಸರ್ಕಾರ ನಿಯಮವನ್ನು ವಾಪಸು ಪಡೆಯಿತು. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟಿಗೆ ಗಾಜು, ಯಂತ್ರ, ವಾಹನಗಳು ಪುಡಿಯಾದವು. ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸರಿಯಾದ ಹೊತ್ತಿಗೆ ಸಿಕ್ಕಿರಲಿಲ್ಲ ಎಂದು ಒಂದು ವಾರದ ನಂತರ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು.

ಮೂರೂ ಬೇರೆ ಬೇರೆ ಘಟನೆ. ಆದರೆ ಒಂದು ಎಳೆ ಮೂರರಲ್ಲೂ ಇದೆ. ದೂರು ಮೊದಲು ಸಣ್ಣ ದನಿಯಲ್ಲೇ ಬಂದಿರುತ್ತದೆ. ಅದನ್ನು ಕೇಳುವ ಕಿವಿ, ಉತ್ತರ ಹೇಳುವ ಬಾಯಿ ಕಾರ್ಖಾನೆಯ ಒಳಗೇ ಇರಬೇಕು.

ಪೀಣ್ಯದಲ್ಲಿ ಯಾಕೆ ಇದು ಕಷ್ಟ

ಇಲ್ಲಿಂದ ಕೂಗಳತೆಯಲ್ಲಿ ಎನ್ನಬಹುದಾದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಶುರುವಾದವು. ಅಲ್ಲೂ ಎಲ್ಲ ಭಾಷೆಯವರೂ ಇದ್ದರು. ಆದರೆ ಅಲ್ಲಿ ಕಾಲೊನಿ ಇತ್ತು, ಶಾಲೆ ಇತ್ತು, ಕಾರ್ಮಿಕ ಸಂಘ ಇತ್ತು. ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಓದುತ್ತಿದ್ದರು. 1980ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರದಲ್ಲಿ ನಾನಾ ಮಾತೃಭಾಷೆಯ ಕಾರ್ಮಿಕರು ಒಟ್ಟಿಗೆ ನಿಂತರು. ಭಾಷೆ ಬೇರೆಯಾದ ಮಾತ್ರಕ್ಕೆ ಜನ ಬೇರೆಯಾಗಬೇಕಿಲ್ಲ ಎನ್ನುವುದಕ್ಕೆ ಇದೇ ನಗರದ ಸಾಕ್ಷಿ.

1970ರ ದಶಕದ ಕೊನೆಯಿಂದ ಬೆಳೆದ ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಆ ಕಾಲೊನಿಯೂ ಇಲ್ಲ, ಆ ಶಾಲೆಯೂ ಇಲ್ಲ. ಕಾಂಟ್ರಾಕ್ಟರ್ ಕರೆತಂದ ಹುಡುಗ ಲಗ್ಗೆರೆಯಲ್ಲೋ ಅಂದ್ರಹಳ್ಳಿಯಲ್ಲೋ ತನ್ನ ಊರಿನವರ ಜೊತೆ ರೂಮಿನಲ್ಲಿರುತ್ತಾನೆ. ಶಿಫ್ಟ್ ಮುಗಿದರೆ ನೇರ ರೂಮಿಗೆ. ಬೇರೆ ಭಾಷೆಯವನ ಪರಿಚಯ ಅವನಿಗೆ ಯಂತ್ರದ ಮುಂದೆ ಮಾತ್ರ, ಅದೂ ಟಾರ್ಗೆಟ್ ತಲೆಯ ಮೇಲಿರುವಾಗ. 'ಮಾತು ಬಲ್ಲವನಿಗೆ ಜಗಳವಿಲ್ಲ' ಎನ್ನುತ್ತದೆ ನಮ್ಮ ಗಾದೆ. ಒಬ್ಬರ ಮಾತು ಇನ್ನೊಬ್ಬರಿಗೆ ಬಾರದ ಕಡೆ ಆ ಬಲ್ಲಮೆಯನ್ನು ಕಾರ್ಖಾನೆಯೇ ಕಲಿಸಿಕೊಡಬೇಕು.

ಮೊದಲು ಬೇರು ಗುರುತಿಸಿ

ತರಬೇತಿ ಶುರು ಮಾಡುವ ಮುಂಚೆ ನಿಮ್ಮ ಶೆಡ್ಡಿನಲ್ಲಿ ಕಳೆದ ಆರು ತಿಂಗಳಲ್ಲಿ ನಡೆದ ಜಗಳಗಳನ್ನು ನೆನಪು ಮಾಡಿಕೊಂಡು ಒಂದು ಹಾಳೆಯಲ್ಲಿ ಬರೆಯಿರಿ. ಅವು ಸಾಮಾನ್ಯವಾಗಿ ಐದು ಗುಂಪಿಗೆ ಸೇರುತ್ತವೆ.

ಒಂದು, ಅಳತೆ, ಸಂಖ್ಯೆ, ದಿನದ ಗೊಂದಲ. 'ಡೇಢ್', 'ಢಾಯಿ' ನೋಡಿದೆವು. ಹಿಂದಿಯ 'ಕಲ್' ಎಂಬ ಪದಕ್ಕೆ ನಿನ್ನೆ ಎಂದೂ ಅರ್ಥ, ನಾಳೆ ಎಂದೂ ಅರ್ಥ. ಹಿಂದಿ ಮಾತೃಭಾಷೆಯವರು ಇಡೀ ವಾಕ್ಯ ಕೇಳಿ ತಿಳಿದುಕೊಳ್ಳುತ್ತಾರೆ. ಅರೆಬರೆ ಹಿಂದಿಯ ಕನ್ನಡಿಗ, ಅರೆಬರೆ ಹಿಂದಿಯ ಒಡಿಯಾ ಹುಡುಗ ಇಬ್ಬರೂ ಅಲ್ಲಿ ಎಡವುತ್ತಾರೆ. ರಜೆಯ ದಿನ, ರವಾನೆಯ ದಿನ ತಪ್ಪುವುದು ಹೀಗೆ.

ಎರಡು, ಮರ್ಯಾದೆಯ ಮಾತು. ಕನ್ನಡದಲ್ಲಿ 'ನೀನು', 'ನೀವು' ಎರಡು ಮೆಟ್ಟಿಲು. ಹಿಂದಿಯಲ್ಲಿ 'ತೂ', 'ತುಮ್', 'ಆಪ್' ಮೂರು ಮೆಟ್ಟಿಲು. ಬಿಹಾರದ ಹುಡುಗ ಸಮಾನರಿಗೆ ಹೇಳುವ 'ತುಮ್' ಅನ್ನು ಐವತ್ತು ದಾಟಿದ ನಮ್ಮ ಫೋರ್‌ಮನ್‌ಗೆ ಹೇಳಿದರೆ ಅವರಿಗೆ ಅದು ಏಕವಚನದ ಹಾಗೆ ಚುಚ್ಚುತ್ತದೆ. ನಮ್ಮ ಸೂಪರ್‌ವೈಸರ್ ಸಿನಿಮಾದಿಂದ ಕಲಿತ 'ತೂ' ಎಂದರೆ ಆ ಹುಡುಗನಿಗೆ ಚುಚ್ಚುತ್ತದೆ. ಕನ್ನಡದೊಳಗೂ ಇದು ಇದೆ. ಧಾರವಾಡದ ಕಡೆ ಗೆಳೆಯರ ನಡುವೆ ಸಲುಗೆಯ 'ಲೇ' ಮಂಡ್ಯ, ಬೆಂಗಳೂರಿನ ಕಿವಿಗೆ ಬೈಗುಳ.

ಮೂರು, ಹಂಚಿಕೆ. ಹಗುರ ಜಾಬ್ ಯಾರಿಗೆ, ಹೊಸ ಮಷಿನ್ ಯಾರಿಗೆ, ಓಟಿ ಯಾರಿಗೆ, ರಾತ್ರಿ ಪಾಳಿ ಯಾರಿಗೆ? ಸೂಪರ್‌ವೈಸರ್ ತನ್ನ ಭಾಷೆಯವರಿಗೆ ಒಲವು ತೋರುತ್ತಾನೆ ಎಂಬ ಅನುಮಾನ ಒಮ್ಮೆ ಬಂದರೆ ಅವನು ಮಾಡಿದ್ದೆಲ್ಲವೂ ಹಾಗೇ ಕಾಣುತ್ತದೆ. ಕಂಪನಿಯ ನೌಕರ, ಕಾಂಟ್ರಾಕ್ಟ್ ನೌಕರ ಎಂಬ ಭೇದ ಭಾಷೆಯ ಭೇದದ ಜೊತೆ ಕೂಡಿಕೊಂಡರೆ ಇದು ಇನ್ನಷ್ಟು ಬಿಗಿಯಾಗುತ್ತದೆ.

ನಾಲ್ಕು, ಹಬ್ಬ ಮತ್ತು ರಜೆ. ನಮ್ಮಲ್ಲಿ ನವರಾತ್ರಿಯ ಕೊನೆಗೆ ಆಯುಧಪೂಜೆ. ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದವರಿಗೆ ಸೆಪ್ಟೆಂಬರ್ 17ರ ಹೊತ್ತಿಗೆ ಬರುವ ವಿಶ್ವಕರ್ಮ ಪೂಜೆ. ಇಬ್ಬರೂ ಪೂಜಿಸುವುದು ಒಂದೇ ಯಂತ್ರವನ್ನು. ಅಸ್ಸಾಮಿನವರಿಗೆ ಏಪ್ರಿಲ್ ಮಧ್ಯದ ಬಿಹು, ಒಡಿಶಾದವರಿಗೆ ಜೂನ್‌ನ ರಜ ಹಬ್ಬ, ಬಿಹಾರದವರಿಗೆ ದೀಪಾವಳಿಯ ಬೆನ್ನಿಗೇ ಛಠ್, ಮುಸ್ಲಿಮರಿಗೆ ರಂಜಾನ್. ಊರಿಗೆ ಹೋಗಿ ಬರಲು ರೈಲಿನಲ್ಲೇ ನಾಲ್ಕೈದು ದಿನ ಕಳೆಯುವವನಿಗೆ ಎರಡು ದಿನದ ರಜೆ ರಜೆಯೇ ಅಲ್ಲ.

ಐದು, ಊಟ. ಮೀನಿನ ವಾಸನೆ, ಸಾಸಿವೆ ಎಣ್ಣೆಯ ವಾಸನೆ, ಡಬ್ಬಿ ಬಿಸಿ ಮಾಡುವ ಒಲೆ, ಕೈತೊಳೆಯುವ ಜಾಗ. ದೊಡ್ಡವರಿಗೆ ಇವು ಚಿಲ್ಲರೆ ವಿಷಯ ಅನ್ನಿಸಬಹುದು. ಊಟದ ಡಬ್ಬಿಯನ್ನು ಹೀಯಾಳಿಸಿಕೊಂಡವನು ಅದನ್ನು ಮರೆಯುವುದಿಲ್ಲ.

ನಿಮ್ಮ ಹಾಳೆಯಲ್ಲಿ ಯಾವ ಗುಂಪು ದೊಡ್ಡದಿದೆಯೋ ತರಬೇತಿ ಅಲ್ಲಿಗೆ ಹೆಚ್ಚು ಹೊತ್ತು ಕೊಡಲಿ. ಮೂರನೆಯದೇ ದೊಡ್ಡದಾಗಿದ್ದರೆ ಮೊದಲು ಹಂಚಿಕೆಯ ಪಟ್ಟಿಯನ್ನು ಗೋಡೆಗೆ ಹಾಕಿ. ಅನ್ಯಾಯವನ್ನು ಹಾಗೇ ಇಟ್ಟುಕೊಂಡು 'ಹೊಂದಿಕೊಂಡು ಹೋಗಿ' ಎಂದು ಪಾಠ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಲೂ ಬಾರದು.

ಆರು ವಾರ, ವಾರಕ್ಕೆ ಇಪ್ಪತ್ತು ನಿಮಿಷ

ಹೋಟೆಲ್ ಹಾಲಿನಲ್ಲಿ ಒಂದು ದಿನದ ಭಾಷಣ ಕೇಳಿ ಬಂದವರು ಮರುವಾರ ಅದನ್ನು ಮರೆತಿರುತ್ತಾರೆ. ಶಾಪ್ ಫ್ಲೋರಿನಲ್ಲೇ, ಶಿಫ್ಟಿನ ಮೊದಲ ಇಪ್ಪತ್ತು ನಿಮಿಷ, ಸಂಬಳದ ಸಮಯದಲ್ಲೇ ಕಲಿಸಿ. ಊಟದ ಬಿಡುವನ್ನು ಕಿತ್ತುಕೊಳ್ಳಬೇಡಿ. ಒಂದು ಗುಂಪಿನಲ್ಲಿ ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಪ್ರತಿ ಗುಂಪಿನಲ್ಲೂ ಭಾಷೆಗಳು ಬೆರೆತಿರಲಿ. ಸೂಪರ್‌ವೈಸರ್, ಸೆಟ್ಟರ್, ಲೈನ್ ಲೀಡರ್‌ಗಳಿಗೆ ಒಂದು ಸುತ್ತು ಮೊದಲೇ ಆಗಿರಲಿ. ಆರು ವಾರಕ್ಕೆ ತಲಾ ಎರಡು ಗಂಟೆ. ನಲವತ್ತು ಜನರ ಶೆಡ್‌ಗೆ ಒಟ್ಟು ಎಂಬತ್ತು ಗಂಟೆ ದುಡಿಮೆ. ರಿಜೆಕ್ಷನ್, ಗೈರುಹಾಜರಿ, ಕೆಲಸ ಬಿಟ್ಟವನ ಜಾಗಕ್ಕೆ ಹೊಸಬನನ್ನು ತಂದು ಪಳಗಿಸುವ ಖರ್ಚಿನ ಪಕ್ಕದಲ್ಲಿಟ್ಟು ಇದನ್ನು ಲೆಕ್ಕ ಹಾಕಿ.

ಮೊದಲ ವಾರ: ಮರುಹೇಳಿಕೆ. ಸೂಚನೆ ಕೊಟ್ಟವರು 'ಅರ್ಥ ಆಯ್ತಾ?' ಎಂದು ಕೇಳಬಾರದು. ಎಲ್ಲರೂ ತಲೆಯಾಡಿಸುತ್ತಾರೆ, ಅರ್ಥವಾಗದವರು ಇನ್ನೂ ಜೋರಾಗಿ ಆಡಿಸುತ್ತಾರೆ. 'ಈಗ ಏನು ಮಾಡ್ತೀರಿ, ಮಾಡಿ ತೋರಿಸಿ' ಎನ್ನಬೇಕು. ಇಬ್ಬಿಬ್ಬರಾಗಿ ನಿಲ್ಲಿಸಿ ಅಭ್ಯಾಸ ಮಾಡಿಸಿ. ಆಮೇಲೆ ಪಾತ್ರ ಬದಲಾಯಿಸಿ: ಹೆಲ್ಪರ್ ಒಡಿಯಾದಲ್ಲೋ ಭೋಜ್‌ಪುರಿಯಲ್ಲೋ ಸೂಚನೆ ಕೊಡಲಿ, ಸೂಪರ್‌ವೈಸರ್ ಮಾಡಿ ತೋರಿಸಲಿ. ಬಾರದ ಭಾಷೆಯಲ್ಲಿ ಆಜ್ಞೆ ಕೇಳಿಸಿಕೊಳ್ಳುವುದು ಹೇಗಿರುತ್ತದೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಎರಡನೇ ವಾರ: ಅಂಕಿ ಬಾಯಲ್ಲಿ ಬೇಡ. ಅಳತೆ, ಸಂಖ್ಯೆ, ತಾರೀಖು ಮೂರನ್ನೂ ಬರೆದು ಅಥವಾ ತೋರಿಸಿ ಹೇಳುವ ನಿಯಮ. ಯಂತ್ರದ ಪಕ್ಕ ಒಂದು ಸಣ್ಣ ಬಿಳಿ ಹಲಗೆ, ಒಂದು ಮಾರ್ಕರ್ ಸಾಕು. '1.50' ಎಂದು ಬರೆದರೆ ಅದು ಎಲ್ಲ ಭಾಷೆಯಲ್ಲೂ ಒಂದೂವರೆಯೇ. ಮೊದಲ ಜಾಬನ್ನು ಇಬ್ಬರೂ ಒಟ್ಟಿಗೆ ವರ್ನಿಯರ್ ಇಟ್ಟು ನೋಡಿದ ಮೇಲೆ ಎರಡನೆಯದು.

ಮೂರನೇ ವಾರ: ಚುಚ್ಚುವ ಮಾತಿನ ಪಟ್ಟಿ. ಯಾವ ಮಾತು ನೋಯಿಸುತ್ತದೆ ಎಂದು ಕೆಲಸಗಾರರೇ ಹೇಳಲಿ. 'ಹಿಂದಿಯವನು', 'ಲೋಕಲ್', 'ಚಿಂಕಿ', ಊರಿನ ಹೆಸರನ್ನೇ ಬೈಗುಳವಾಗಿ ಬಳಸುವುದು, ಜಾತಿ ಹಿಡಿದು ಕರೆಯುವುದು, ಹೆಣ್ಣುಮಕ್ಕಳನ್ನು ಸೇರಿಸಿ ಬೈಯುವುದು ಎಲ್ಲ ಆ ಪಟ್ಟಿಗೆ ಬರುತ್ತದೆ. ಮೇಲಿನವರು ಬರೆದು ಅಂಟಿಸಿದ ಪಟ್ಟಿಗಿಂತ ಜೊತೆಗಾರರು ಒಪ್ಪಿ ಮಾಡಿದ ಪಟ್ಟಿಗೆ ಬೆಲೆ ಹೆಚ್ಚು. ಒಬ್ಬರನ್ನೊಬ್ಬರು ಹೇಗೆ ಕರೆಯಬೇಕು ಎಂಬುದೂ ಅಂದೇ ತೀರ್ಮಾನವಾಗಲಿ. ಹೆಸರು ಹಿಡಿದು, ಕೊನೆಗೆ 'ಅಣ್ಣ', 'ಅಕ್ಕ', 'ಭಯ್ಯಾ', 'ದೀದಿ' ಸೇರಿಸುವುದು ಎಲ್ಲ ಭಾಷೆಗೂ ಒಗ್ಗುತ್ತದೆ. ಸೂಪರ್‌ವೈಸರ್‌ಗಳಿಗೆ ಒಂದೇ ನಿಯಮ: ಎಲ್ಲರಿಗೂ ಬಹುವಚನ.

ನಾಲ್ಕನೇ ವಾರ: ನಾಲ್ಕು ಹೆಜ್ಜೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಅನುಭವವಿಲ್ಲದ ಲಕ್ಷಾಂತರ ಜನ ಒಮ್ಮೆಲೇ ಬಂದಾಗ ಸೂಪರ್‌ವೈಸರ್‌ಗಳಿಗಾಗಿ ಒಂದು ಸರಳ ಪಾಠಕ್ರಮ ಮಾಡಿದರು. ಯುದ್ಧದ ನಂತರ ಅದು ಜಪಾನಿಗೆ ಹೋಗಿ ಅಲ್ಲಿನ ಕಾರ್ಖಾನೆಗಳಲ್ಲಿ ಬೇರೂರಿತು. ಪೀಣ್ಯದ ಗೋಡೆಗಳ ಮೇಲೆ ತೂಗುವ ಕೈಜೆನ್ ಹಲಗೆಗಳ ಹಿಂದೆ ಅದರ ನೆರಳೂ ಇದೆ. ಮನಸ್ತಾಪಕ್ಕೆ ಅದು ಹೇಳುವ ಹೆಜ್ಜೆ ನಾಲ್ಕು: ಸಂಗತಿ ತಿಳಿ, ತೂಗಿ ನಿರ್ಧರಿಸು, ಕ್ರಮ ತೆಗೆದುಕೋ, ಫಲ ನೋಡು. ನಮ್ಮ ಉದಾಹರಣೆಗೆ ಹೊಂದಿಸಿ ನೋಡಿ. ಸಂಗತಿ: ಇಬ್ಬರನ್ನೂ ಬೇರೆ ಬೇರೆ ಕೇಳಿದರೆ 'ಢಾಯಿ' ಎಂಬ ಪದ ಹೊರಬರುತ್ತದೆ. ತೂಕ: ಇಬ್ಬರಲ್ಲೂ ಸೋಮಾರಿತನವಿಲ್ಲ, ಅಳತೆಯನ್ನು ಬಾಯಲ್ಲಿ ಹೇಳುವ ರೂಢಿಯೇ ತಪ್ಪು. ಕ್ರಮ: ಹಲಗೆ ಬರುತ್ತದೆ, ಸೆಟ್ಟರ್ ಎಲ್ಲರ ಮುಂದೆ ಬೈದದ್ದಕ್ಕೆ ಎಲ್ಲರ ಮುಂದೆಯೇ ಎರಡು ಮಾತು ಹೇಳುತ್ತಾನೆ. ಫಲ: ವಾರದ ನಂತರ ಇಬ್ಬರೂ ಮಾತಾಡುತ್ತಿದ್ದಾರಾ ಎಂದು ಹೋಗಿ ನೋಡುವುದು. ಹೆಚ್ಚಿನವರು ಮೊದಲ ಹೆಜ್ಜೆ ಬಿಟ್ಟು ಮೂರನೆಯದಕ್ಕೆ ಹಾರುತ್ತಾರೆ, ನಾಲ್ಕನೆಯದನ್ನು ಮರೆಯುತ್ತಾರೆ.

ಐದನೇ ವಾರ: 'ಏನು ಬೇಕು' ಬಿಟ್ಟು 'ಯಾಕೆ ಬೇಕು'. ಆಡಳಿತ ಚಿಂತಕಿ ಮೇರಿ ಪಾರ್ಕರ್ ಫಾಲೆಟ್ 1925ರ ಉಪನ್ಯಾಸದಲ್ಲಿ ಒಂದು ಗ್ರಂಥಾಲಯದ ಪ್ರಸಂಗ ಹೇಳಿದ್ದರು. ಒಬ್ಬರಿಗೆ ಕಿಟಕಿ ತೆರೆಯಬೇಕು, ಇನ್ನೊಬ್ಬರಿಗೆ ಮುಚ್ಚಬೇಕು. ಒಬ್ಬರಿಗೆ ಬೇಕಿದ್ದದ್ದು ಗಾಳಿ, ಇನ್ನೊಬ್ಬರಿಗೆ ಬೇಡವಾಗಿದ್ದದ್ದು ಮೈಮೇಲೆ ನೇರ ಬೀಸುವ ಚಳಿಗಾಳಿ. ಪಕ್ಕದ ಕೋಣೆಯ ಕಿಟಕಿ ತೆರೆದರು, ಇಬ್ಬರಿಗೂ ಸರಿಹೋಯಿತು. ನಮ್ಮ ಶೆಡ್ಡಿನ ಫ್ಯಾನಿನ ಜಗಳಕ್ಕೂ ಇದೇ ದಾರಿ. ಹಬ್ಬದ ರಜೆಗೆ ಇದನ್ನು ಹೀಗೆ ಬಳಸಬಹುದು: ವರ್ಷದ ಮೊದಲ ತಿಂಗಳಲ್ಲೇ ಎಲ್ಲರ ಹಬ್ಬಗಳನ್ನು ಒಂದೇ ಕ್ಯಾಲೆಂಡರಿನಲ್ಲಿ ಗುರುತಿಸಿ. ಛಠ್‌ಗೆ ಹೊರಡುವವರ ಪಾಳಿಯನ್ನು ಸ್ಥಳೀಯರು ಹಿಡಿಯಲಿ; ಯುಗಾದಿ, ಗೌರಿ ಗಣೇಶಕ್ಕೆ ಅವರು ಇವರ ಪಾಳಿ ಹಿಡಿಯಲಿ. ದೂರದವರಿಗೆ ವರ್ಷಕ್ಕೊಮ್ಮೆ ರಜೆಗಳನ್ನು ಒಟ್ಟು ಮಾಡಿ ಕೊಡಿ. ವಿಶ್ವಕರ್ಮ ಪೂಜೆಯ ದಿನ ಆಯುಧಪೂಜೆಯ ಹಾಗೆಯೇ ಯಂತ್ರಕ್ಕೊಂದು ಹೂವು ಏರಲಿ. ಅರ್ಧ ಗಂಟೆಯ ಕೆಲಸ ನಿಲ್ಲುತ್ತದೆ, ವರ್ಷವಿಡೀ ನೆನಪಿರುತ್ತದೆ.

ಆರನೇ ವಾರ: ಎಲ್ಲಿ ರಾಜಿ ಇಲ್ಲ. ಎಲ್ಲವನ್ನೂ 'ಕೂತು ಮಾತಾಡಿ' ಮುಗಿಸಲಾಗದು, ಮುಗಿಸಲೂ ಬಾರದು. ಕೈಮಾಡುವುದು, ಬೆದರಿಕೆ, ಸುರಕ್ಷತೆಯ ನಿಯಮ ಮುರಿಯುವುದು, ಜಾತಿ ನಿಂದನೆ, ಲೈಂಗಿಕ ಕಿರುಕುಳ ಇವು ಮನಸ್ತಾಪಗಳಲ್ಲ, ತಪ್ಪುಗಳು. ಇವುಗಳ ದಾರಿಯೇ ಬೇರೆ ಎಂದು ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಕೊನೆಯ ಎರಡರ ದಾರಿ ಯಾವುದು ಎಂದು ಮುಂದೆ ಹೇಳಿದೆ.

ಮೊದಲ ಹತ್ತು ನಿಮಿಷ

ತರಬೇತಿಯ ಪರೀಕ್ಷೆ ಜಗಳ ಎದ್ದ ಕ್ಷಣದಲ್ಲಿ ನಡೆಯುತ್ತದೆ. ಸೂಪರ್‌ವೈಸರ್ ಈ ಕ್ರಮವನ್ನು ಬಾಯಿಪಾಠ ಮಾಡಿಕೊಳ್ಳಲಿ.

1. ಯಂತ್ರ ನಿಲ್ಲಿಸಿ. ಸಿಟ್ಟಿನ ಕೈ ಪ್ರೆಸ್ಸಿನ ಮೇಲಿರಬಾರದು.
2. ಇಬ್ಬರನ್ನೂ ಬೇರೆ ಬೇರೆ ಜಾಗಕ್ಕೆ ಕಳಿಸಿ, ಇಬ್ಬರಿಗೂ ನೀರು ಕೊಡಿ. ಸುತ್ತ ನಿಂತವರನ್ನು ಕೆಲಸಕ್ಕೆ ಕಳಿಸಿ.
3. ದೊಡ್ಡ ದನಿಯವನನ್ನು ಬಿಟ್ಟು ಭಾಷೆ ಬಾರದವನನ್ನು ಮೊದಲು ಕೇಳಿ. ಅವನ ಮಾತು ಕೊನೆಗೆ ಬಂದರೆ ಅಷ್ಟರಲ್ಲಿ ನಿಮ್ಮ ತೀರ್ಮಾನ ಆಗಿಹೋಗಿರುತ್ತದೆ. 'ಏನಾಯ್ತು?' ಎಂಬುದನ್ನು ಅವನ ಭಾಷೆಯಲ್ಲಿ ಕೇಳಲು ಕಲಿಯಿರಿ. ಹಿಂದಿಯಲ್ಲಿ 'ಕ್ಯಾ ಹುವಾ?', ಒಡಿಯಾದಲ್ಲಿ 'ಕಣ ಹೇಲಾ?'
4. 'ಯಾರು ತಪ್ಪು' ಎಂದು ಕೇಳದೆ 'ಯಾವ ಜಾಬ್, ಯಾವ ಹೊತ್ತು, ಯಾವ ಮಾತು' ಎಂದು ಕೇಳಿ. ಈ ಮೂರು ಪ್ರಶ್ನೆ ಜಗಳವನ್ನು ಮತ್ತೆ ಕೆಲಸಕ್ಕೆ ಎಳೆದು ತರುತ್ತವೆ.
5. 'ನಿಮ್ಮವರು' ಎಂಬ ಪದ ನಿಮ್ಮ ಬಾಯಲ್ಲಿ ಬರಕೂಡದು.
6. ಯಾವಾಗ ಉತ್ತರ ಹೇಳುತ್ತೀರಿ ಎಂದು ಇಬ್ಬರಿಗೂ ಹೇಳಿ: 'ಇವತ್ತು ನಾಲ್ಕು ಗಂಟೆಗೆ'. ನಾಲ್ಕಕ್ಕೆ ಉತ್ತರ ಸಿಗದಿದ್ದರೆ ಐದಕ್ಕೆ ಗೇಟಿನ ಹೊರಗೆ ಗುಂಪು ಸೇರುತ್ತದೆ.

ದುಭಾಷಿ ಬೇಕಾದಲ್ಲಿ ಎಚ್ಚರ ಇರಲಿ. ಕಾಂಟ್ರಾಕ್ಟರ್‌ನನ್ನೋ ಅವನ ಮೇಸ್ತ್ರಿಯನ್ನೋ ಆ ಜಾಗದಲ್ಲಿ ಕೂರಿಸಬೇಡಿ. ಆ ಹುಡುಗನ ಸಂಬಳ ಅವರ ಕೈಯಲ್ಲಿರುವಾಗ ಅವನು ಬಾಯಿ ಬಿಡುವುದಿಲ್ಲ. ಎರಡೂ ಭಾಷೆ ಬಲ್ಲ, ಆ ಜಗಳಕ್ಕೆ ಸಂಬಂಧವಿಲ್ಲದ ಒಬ್ಬ ಕೆಲಸಗಾರರನ್ನು ಮೊದಲೇ ಗುರುತಿಸಿ, ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸುವುದನ್ನು ಅಭ್ಯಾಸ ಮಾಡಿಸಿ. ಆ ಕೆಲಸಕ್ಕೆ ತಿಂಗಳಿಗೆ ಒಂದಿಷ್ಟು ಹೆಚ್ಚಿನ ಭತ್ಯೆ ಕೊಡಿ. ಅದೂ ಕುಶಲ ಕೆಲಸವೇ.

ಕನ್ನಡದ ಪ್ರಶ್ನೆ

ಇದನ್ನು ಪಕ್ಕಕ್ಕಿಟ್ಟು ಪೀಣ್ಯದಲ್ಲಿ ಯಾವ ತರಬೇತಿಯೂ ಆಗದು. 2011ರ ಜನಗಣತಿಯಲ್ಲೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಇದ್ದರು. ಸ್ಥಳೀಯರಿಗೆ ಉದ್ಯೋಗ ಎಂಬ ಕೂಗು 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ, 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿ ಕೆಲವೇ ದಿನಗಳಲ್ಲಿ ತಡೆಹಿಡಿದ ಮಸೂದೆಯವರೆಗೆ ನಿಂತಿಲ್ಲ. ತನ್ನ ನೆಲದ ಕಾರ್ಖಾನೆಯಲ್ಲಿ ತನ್ನ ಭಾಷೆಯಲ್ಲಿ ಮಾತಾಡುವವರೇ ಇಲ್ಲ ಎಂಬ ಕನ್ನಡ ಕಾರ್ಮಿಕನ ನೋವು ನಿಜವಾದದ್ದು. ಅದನ್ನು ಸಣ್ಣತನ ಎಂದು ತಳ್ಳಿಹಾಕುವ ತರಬೇತುದಾರ ಮೊದಲ ದಿನವೇ ಸೋತಂತೆ.

ದಾರಿ ಇದೆ. ಕಾರ್ಖಾನೆಯ ಸಾಮಾನ್ಯ ಮಾತು ಕನ್ನಡವಾಗಲಿ. ಅದನ್ನು ಕಲಿಸುವ ಹೊಣೆ ಕಾರ್ಖಾನೆ ಹೊರಲಿ. ಹೊಸಬ ಬಂದ ಮೊದಲ ತಿಂಗಳಲ್ಲಿ ದಿನಕ್ಕೊಂದರಂತೆ ಮೂವತ್ತು ಪದ: ನಿಲ್ಲಿಸು, ಜಾರುತ್ತೆ, ಬಿಸಿ ಇದೆ, ಕೈ ತೆಗಿ, ಗೊತ್ತಾಗಲಿಲ್ಲ, ಇನ್ನೊಮ್ಮೆ ಹೇಳಿ, ನಿನ್ನೆ, ನಾಳೆ, ಸಾಕು, ಸಹಾಯ ಬೇಕು. ಕಲಿಸುವವನು ಪಕ್ಕದ ಯಂತ್ರದ ಕನ್ನಡಿಗನೇ ಆಗಲಿ. ಕಲಿಸಿದವನಿಗೂ ಕಲಿತವನಿಗೂ ಅಲ್ಲೇ ನಂಟು ಬೆಳೆಯುತ್ತದೆ. ಮುಂದೆ ಓದಲು ಬರೆಯಲು ಬಯಸುವವರಿಗೆ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಕನ್ನಡ ಕಲಿಕಾ ಕೇಂದ್ರಗಳ ದಾರಿ ತೋರಿಸಿ. ಆದರೆ ಸುರಕ್ಷತೆಯ ಫಲಕ, ಸಂಬಳದ ಚೀಟಿಯ ವಿವರಣೆ, ಶಿಸ್ತುಕ್ರಮದ ಪತ್ರ ಈ ಮೂರನ್ನು ಮಾತ್ರ ಕನ್ನಡದ ಜೊತೆಗೆ ಕೆಲಸಗಾರನಿಗೆ ತಿಳಿಯುವ ಭಾಷೆಯಲ್ಲೂ ಕೊಡಲೇಬೇಕು. ಬೆರಳು ಕಳೆದುಕೊಂಡ ಮೇಲೆ ಕಲಿಯುವ ಭಾಷೆ ಯಾರಿಗೂ ಬೇಡ.

ಕಾನೂನು ಕೊಟ್ಟಿರುವ ವೇದಿಕೆ

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕೈಗಾರಿಕೆಯಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಲೇಬೇಕು. ಸದಸ್ಯರು ಹತ್ತು ಮೀರಬಾರದು. ಮಾಲೀಕರ ಕಡೆಯವರು, ಕಾರ್ಮಿಕರ ಕಡೆಯವರು ಸಮಾನ ಸಂಖ್ಯೆಯಲ್ಲಿರಬೇಕು. ಮಹಿಳಾ ಕಾರ್ಮಿಕರ ಪ್ರಮಾಣಕ್ಕೆ ತಕ್ಕಷ್ಟು ಮಹಿಳಾ ಸದಸ್ಯರಿರಬೇಕು. ಅಧ್ಯಕ್ಷ ಸ್ಥಾನ ವರ್ಷಕ್ಕೊಮ್ಮೆ ಎರಡೂ ಕಡೆಗೆ ಸರದಿಯಲ್ಲಿ ಬರುತ್ತದೆ. ಘಟನೆ ನಡೆದು ಒಂದು ವರ್ಷದೊಳಗೆ ದೂರು ಕೊಡಬಹುದು. ಸಮಿತಿಗೆ ವಿಚಾರಣೆ ಮುಗಿಸಲು 30 ದಿನ. ಸಮಾಧಾನವಾಗದಿದ್ದರೆ 60 ದಿನದೊಳಗೆ ಕಾರ್ಮಿಕ ಸಂಘದ ಮೂಲಕ ಸಂಧಾನಾಧಿಕಾರಿಯ ಬಳಿ ಹೋಗಬಹುದು. ಕಾನೂನು ಭಾಷೆಯ ಲೆಕ್ಕ ಕೇಳುವುದಿಲ್ಲ, ನೀವು ಕೇಳಿ: ಶೆಡ್ಡಿನ ದೊಡ್ಡ ಭಾಷಾ ಗುಂಪುಗಳಿಂದ ತಲಾ ಒಬ್ಬರಾದರೂ ಕಾರ್ಮಿಕ ಸದಸ್ಯರಿರಲಿ.

ಲೈಂಗಿಕ ಕಿರುಕುಳದ ದೂರು ಈ ಸಮಿತಿಗೆ ಬರುವುದಿಲ್ಲ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿದ್ದಲ್ಲಿ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಬೇಕು. ಅದಕ್ಕಿಂತ ಚಿಕ್ಕ ಶೆಡ್‌ಗಳವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳ ಅವಧಿ. ದುಡ್ಡು ಕೊಟ್ಟು ರಾಜಿ ಮಾಡಿಸುವುದಕ್ಕೆ ಕಾಯ್ದೆಯಲ್ಲಿ ಜಾಗವಿಲ್ಲ. ಜಾತಿ ನಿಂದನೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಅದು ಪೊಲೀಸ್ ಠಾಣೆಯ ವಿಷಯ, ಮ್ಯಾನೇಜರನ ಕೋಣೆಯದಲ್ಲ.

ಇಪ್ಪತ್ತಕ್ಕಿಂತ ಕಡಿಮೆ ಜನರ ಶೆಡ್‌ಗಳಿಗೆ ಸಮಿತಿ ಕಡ್ಡಾಯವಿಲ್ಲ. ಅಲ್ಲಿ ಮಾಲೀಕರೇ ಮೇಸ್ತ್ರಿ, ಮಾಲೀಕರೇ ನ್ಯಾಯಾಧೀಶರು. ಅಕ್ಕಪಕ್ಕದ ನಾಲ್ಕೈದು ಶೆಡ್‌ಗಳು ಸೇರಿ ಒಂದೇ ತರಬೇತಿ ನಡೆಸಬಹುದು. ತನ್ನ ಮಾಲೀಕನ ಎದುರು ಹೇಳಲಾಗದ್ದನ್ನು ಪಕ್ಕದ ಶೆಡ್ಡಿನ ಹಿರಿಯರ ಬಳಿ ಹೇಳಿಕೊಳ್ಳುವ ಏರ್ಪಾಡು ಮಾಡಿಕೊಳ್ಳಬಹುದು.

ಫಲ ಬಂತೇ ಎಂದು ತಿಳಿಯುವುದು

ಜಗಳಗಳನ್ನು ಎಣಿಸಬೇಡಿ, ಎಣಿಸಿದರೆ ಜನ ಮುಚ್ಚಿಡುತ್ತಾರೆ. ಒಂದು ಪುಸ್ತಕದಲ್ಲಿ ಬಂದ ದೂರು, ಬಂದ ದಿನ, ಉತ್ತರ ಕೊಟ್ಟ ದಿನ ಬರೆಯಿರಿ. ತರಬೇತಿಯ ಮೊದಲ ತಿಂಗಳು ದೂರುಗಳು ಹೆಚ್ಚಾದರೆ ಹೆದರಬೇಡಿ, ಜನ ಹೇಳಿಕೊಳ್ಳಲು ಶುರು ಮಾಡಿದ್ದಾರೆ ಎಂದು ತಿಳಿಯಿರಿ. ಒಂದು ವಾರದೊಳಗೆ ಮುಗಿದ ದೂರುಗಳೆಷ್ಟು, ಸೇರಿ ಮೂರು ತಿಂಗಳೊಳಗೆ ಬಿಟ್ಟುಹೋದವರೆಷ್ಟು, ಅರ್ಥವಾಗದೆ ಆದ ರಿಜೆಕ್ಷನ್ ಎಷ್ಟು ಎಂದು ಮೂರು ತಿಂಗಳಿಗೊಮ್ಮೆ ನೋಡಿ. ಊಟದ ಹೊತ್ತಿಗೆ ಯಾರ ಪಕ್ಕ ಯಾರು ಕೂರುತ್ತಾರೆ ಎಂದೂ ನೋಡಿ. ಅದಕ್ಕೆ ಯಾವ ಪುಸ್ತಕವೂ ಬೇಡ.

ಮಾಲೀಕರಲ್ಲಿ, ಸೂಪರ್‌ವೈಸರ್‌ಗಳಲ್ಲಿ ಒಂದು ಮನವಿ. ಆರು ವಾರದ ತರಬೇತಿ ಮುಂದಿನ ತಿಂಗಳು ಶುರುವಾಗಲಿ. ಬಿಳಿ ಹಲಗೆಯನ್ನು ಮಾತ್ರ ನಾಳೆಯೇ ತನ್ನಿ. ನಾಳಿನ ಮೊದಲ ಶಿಫ್ಟಿನಲ್ಲಿ ಅಳತೆಯನ್ನು ಬರೆದು ತೋರಿಸಿ, ಎದುರಿನವನ ಹೆಸರು ಕೇಳಿ, ಆ ಹೆಸರಿನಿಂದಲೇ ಅವನನ್ನು ಕರೆಯಿರಿ.